ಜೂನ್ ಒಂದರಂದು ಹುಟ್ಟಿದವರು

ಮೇ ತಿಂಗಳ 31ನೇ ತಾರೀಖು ಬಂತೆಂದರೆ ನಮ್ಮ ಕಡೆ ಶಾಲು, ಹಾರ, ಹಣ್ಣಿನ ಬುಟ್ಟಿಗಳಿಗೆ ಎಲ್ಲಿಲ್ಲದ ಬೇಡಿಕೆ. ಅಂದು ಒಂದೇ ದಿನ ಎಷ್ಟೋ ಶಿಕ್ಷಕರು ಸೇವೆಯಿಂದ ನಿವೃತ್ತರಾಗುತ್ತಾರೆ. ಒಂದು ಬೀಳ್ಕೊಡುಗೆ ಮುಗಿಸಿ ಇನ್ನೊಂದಕ್ಕೆ ಓಡಬೇಕು. ಹೊರಗಿನವರು ಯಾರಾದರೂ ನೋಡಿದರೆ, ಈ ಭಾಗದ ತಾಯಂದಿರೆಲ್ಲ ಮಾತಾಡಿಕೊಂಡು ಜೂನ್ ಒಂದರಂದೇ ಹೆತ್ತಿರಬೇಕು ಎಂದುಕೊಂಡಾರು. ತಿಂಗಳ ಮೊದಲ ದಿನ ಹುಟ್ಟಿದವನು ಅದರ ಹಿಂದಿನ ದಿನವೇ ನಿವೃತ್ತನಾಗಬೇಕೆಂಬುದು ಸರಕಾರಿ ನಿಯಮ. ಹೀಗಾಗಿ ಜೂನ್ ಒಂದರವರೆಲ್ಲ ಮೇ 31ರಂದು ಮನೆಗೆ.

ನಾನೂ ಅದೇ ಗುಂಪಿನವನು. ನನ್ನ ಸೇವಾ ಪುಸ್ತಕದಲ್ಲಿ 1-6-1969 ಎಂದಿದೆ. ನಮ್ಮವ್ವನನ್ನು ಕೇಳಿದರೆ ಬೇರೆಯೇ ಹೇಳುತ್ತಿದ್ದಳು: "ನೀ ಎಳ್ಳಮಾಸಿ ಮರುದಿನ ಹುಟ್ಟೀದಿ. ಹೊಲಕ್ಕ ಹೋಗಿ ಚರಗಾ ಚೆಲ್ಲಿ ಬಂದು ಮಲಗಿದ್ದೆ. ಬೆಳಗಾಗೋದ್ರಾಗ ಬ್ಯಾನಿ ಸುರುವಾದ್ವು." ಎಳ್ಳ ಅಮಾವಾಸ್ಯೆ ಬರುವುದು ಚಳಿಗಾಲದಲ್ಲಿ. ಜೂನ್ ಒಂದೆಂದರೆ ಬೇಸಿಗೆಯ ಕೊನೆ. ಯಾವ ವರ್ಷದ ಎಳ್ಳಮಾಸಿ ಎಂದು ಕೇಳಿದರೆ, "ದೊಡ್ಡ ಬರ ಬಿದ್ದಾಗ ನೀ ಅಂಗಳದಾಗ ಓಡ್ಯಾಡತಿದ್ದಿ" ಎಂಬ ಉತ್ತರ. ದೊಡ್ಡ ಬರವೆಂದರೆ 1972ರದು. ಓಡಾಡುವ ಮಗುವಿಗೆ ಎರಡು ವರ್ಷವೂ ಇರಬಹುದು, ಮೂರೂ ಇರಬಹುದು. ಅವ್ವ ಈಗಿಲ್ಲ. ನನ್ನ ನಿಜವಾದ ವಯಸ್ಸು ಗೊತ್ತಿರುವವರು ಈಗ ಯಾರೂ ಉಳಿದಿಲ್ಲ, ನನ್ನನ್ನೂ ಹಿಡಿದು.

ಜೂನ್ ಒಂದು ಎಲ್ಲಿಂದ ಬಂತೆಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಈಗಿನ ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಆಗ ಶಾಲೆ ಸುರುವಾಗುವುದು ಜೂನ್‌ನಲ್ಲಿ. ಅಪ್ಪನೋ ಕಾಕಾನೋ ಹುಡುಗನನ್ನು ಕೈ ಹಿಡಿದು ತಂದು ನಿಲ್ಲಿಸುತ್ತಿದ್ದರು. ಮುಖ್ಯ ಗುರುಗಳು, "ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟು ನೋಡೋಣ" ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಗಿದೆ ಎಂದು ಲೆಕ್ಕ. ಆ ವರ್ಷದಿಂದ ಆರು ಕಳೆದು, ಮುಂದೆ ಜೂನ್ ಒಂದು ಎಂದು ಬರೆದರೆ ಹುಟ್ಟಿದ ತಾರೀಖು ತಯಾರು. ತೋಳು ಉದ್ದವಿದ್ದವನು ಬೇಗ ಹುಟ್ಟಿದ, ತೋಳು ಮೊಟಕಾದವನು ತಡವಾಗಿ ಹುಟ್ಟಿದ, ಅಷ್ಟೆ.

ನಮ್ಮ ಹಿರಿಯರಿಗೆ ತಾರೀಖು ಬೇಕಾಗಿಯೂ ಇರಲಿಲ್ಲ. ಅವರ ಪಂಚಾಂಗವೇ ಬೇರೆ. ರಜಾಕಾರರ ಗದ್ದಲದಾಗ ಹುಟ್ಟಿದವ, ಗಾಣಗಾಪುರದ ದತ್ತ ಜಯಂತಿಗೆ ಹೋಗಿ ಬಂದ ವಾರದಾಗ ಹುಟ್ಟಿದಾಕಿ, ಶರಣಬಸಪ್ಪನ ತೇರು ಎಳೆದ ರಾತ್ರಿ ಹುಟ್ಟಿದ ಅವಳಿಗಳು, ಹೀಗೆ. ಈ ಪಂಚಾಂಗದಲ್ಲಿ ತಪ್ಪು ಕಡಿಮೆ. ಆದರೆ ಇದನ್ನು ಅರ್ಜಿಯಲ್ಲಿ ತುಂಬಲು ಬರುವುದಿಲ್ಲ.

ಜನನ ಮರಣ ನೋಂದಣಿ ಕಾಯ್ದೆ ನಮ್ಮ ದೇಶದಲ್ಲಿ ಆದದ್ದು 1969ರ ಮೇ 31ರಂದು. ಕಾಗದದ ಮೇಲೆ ನೋಡಿದರೆ ಕಾಯ್ದೆ ನನಗಿಂತ ಒಂದೇ ದಿನ ದೊಡ್ಡದು! ಕಾಯ್ದೆ ಆದ ಮರುದಿನವೇ ಹುಟ್ಟಿಯೂ ನಾನು ಅದರ ವಹಿಯಲ್ಲಿ ಇಲ್ಲ. ಕಾಯ್ದೆ ದಿಲ್ಲಿಯಲ್ಲಿ ಆಗುತ್ತದೆ; ಅದು ಬಾಣಂತಿಯ ಕೋಣೆಯವರೆಗೆ ಬರಲು ಎಷ್ಟೋ ವರ್ಷ ಹಿಡಿಯುತ್ತದೆ.

ಇಷ್ಟು ದಿನ ಇದನ್ನೆಲ್ಲ ನಗೆಚಾಟಿಕೆಯಾಗಿ ಹೇಳಿಕೊಂಡು ಬಂದವನು ನಾನು. ಜೂನ್ ಒಂದರಂದು ಗೆಳೆಯರು ಫೋನ್ ಮಾಡಿ ಶುಭ ಕೋರಿದರೆ, "ಇವತ್ತು ನನ್ನ ಹೆಡ್‌ಮಾಸ್ತರರ ಅಂದಾಜಿನ ಹುಟ್ಟುಹಬ್ಬ" ಎನ್ನುತ್ತಿದ್ದೆ. ಆ ನಗೆ ನಿಂತದ್ದು 2014ರಲ್ಲಿ. ಅದಕ್ಕೆ ಕಾರಣ ನಾನೇ ಬರೆದ ಒಂದು ತಾರೀಖು.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲೇ ನನ್ನ ನೌಕರಿ ಕಳೆದಿದೆ. ಬಿ.ಎಸ್ಸಿ., ಬಿ.ಇಡಿ. ಮಾಡಿದ್ದರೂ ಮೊದಲು ಸಿಕ್ಕದ್ದು ಆಳಂದ ತಾಲೂಕಿನ ಗಡಿಭಾಗದ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಬಡ್ತಿ ಸಿಕ್ಕು ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಹೋದದ್ದು ಆಮೇಲೆ. 1999ರ ಜೂನ್‌ನಲ್ಲಿ ಆ ಹಳ್ಳಿಯ ಒಬ್ಬ ಆಯಿ ಮೊಮ್ಮಗನನ್ನು ಒಂದನೇ ತರಗತಿಗೆ ಹಚ್ಚಲು ಕರೆತಂದಳು. ಅಪ್ಪ ಅವ್ವ ಕಬ್ಬು ಕಡಿಯಲು ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ. ಮುಖ್ಯ ಗುರುಗಳು ರಜೆಯಲ್ಲಿದ್ದರು. ದಾಖಲಾತಿ ವಹಿ ನನ್ನ ಮುಂದಿತ್ತು.

"ಯಾವಾಗ ಹುಟ್ಯಾನಬೇ?" ಎಂದು ಕೇಳಿದೆ.

"ಗಣಪ್ಪನ್ನ ಕಳಿಸಿದ ರಾತ್ರಿ ಕಿಲ್ಲಾರ‍್ಯಾಗ ಭೂಮಿ ನಡುಗಿತ್ತಲ್ಲ ಯಪ್ಪಾ, ಅದರ ಮರುದಿನ. ಸುಕ್ರಾರ ಹೊತ್ತು ಮುಳುಗೋದಕ್ಕ. ಮನಿಯೊಳಗ ಇರಲಿಕ್ಕ ಅಂಜಿ ಎಲ್ಲಾರೂ ಬಯಲಾಗ ಇದ್ದಿವಿ. ಗಿಡದ ಕೆಳಗ ಹೊರಸು ಹಾಕಿ ಹೆರಿಗಿ ಮಾಡ್ಸೀವಿ."

ನಾನು ಲೆಕ್ಕ ಹಾಕಿದೆ. ಆಗಿನ ನಿಯಮದಂತೆ ಒಂದನೇ ತರಗತಿಗೆ 5 ವರ್ಷ 10 ತಿಂಗಳು ತುಂಬಿರಬೇಕು. ಕಿಲ್ಲಾರಿ ಭೂಕಂಪ 1993ರದು. ಸೆಪ್ಟೆಂಬರ್ ಕೊನೆಗೆ ಹುಟ್ಟಿದ್ದರೆ ಎರಡು ತಿಂಗಳು ಕಡಿಮೆ ಬೀಳುತ್ತದೆ. ಇಲ್ಲವೆಂದು ಕಳಿಸಿದರೆ ಹುಡುಗ ಮುಂದಿನ ವರ್ಷ ಶಾಲೆಗೆ ಬರುವ ಬದಲು ಅಪ್ಪನ ಹಿಂದೆ ಕಬ್ಬಿನ ಹೊಲಕ್ಕೆ ಹೋಗಬಹುದು. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡು 1-6-1993 ಎಂದು ಬರೆದೆ. ಆಯಿ ಹೆಬ್ಬೆಟ್ಟು ಒತ್ತಿ, ಕೈ ಮುಗಿದು ಹೋದಳು.

ಹದಿನೈದು ವರ್ಷದ ಮೇಲೆ, ನಾನು ಅಫಜಲಪುರ ತಾಲೂಕಿನಲ್ಲಿದ್ದಾಗ, ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಎತ್ತರದ ಆಳು, ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಓಡಿ ಗಟ್ಟಿಯಾದ ಕಾಲು. ಸೈನ್ಯ ಭರ್ತಿಯ ರ‍್ಯಾಲಿಗೆ ಎರಡು ವರ್ಷದಿಂದ ತಯಾರಿ ನಡೆಸಿದ್ದ. ಆಗ ಸಾಮಾನ್ಯ ಸಿಪಾಯಿ ಹುದ್ದೆಗೆ ವಯಸ್ಸು ಹದಿನೇಳೂವರೆಯಿಂದ 21. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಅವನಿಗೆ 21 ದಾಟಿತ್ತು. ಆಯಿಯ ಲೆಕ್ಕದ ಪ್ರಕಾರ ದಾಟಿರಲಿಲ್ಲ.

"ನಾಕೇ ನಾಕು ತಿಂಗಳು ಹೆಚ್ಚಾಗ್ಯಾವ್ರಿ ಸರ. ಸಾಲಿ ಪುಸ್ತಕದಾಗ ಬದಲಿ ಮಾಡಲಿಕ್ಕ ಬರ್ತಾದೇನ್ರಿ?" ಎಂದು ಕೇಳಿದ.

ಅಂದು ರಾತ್ರಿ 1993ರ ಕ್ಯಾಲೆಂಡರು ಹುಡುಕಿ ನೋಡಿದೆ. ಭೂಕಂಪ ಆದದ್ದು ಸೆಪ್ಟೆಂಬರ್ 30, ಗುರುವಾರ, ನಸುಕಿನ ನಾಲ್ಕರ ಹೊತ್ತಿಗೆ. ಮರುದಿನ ಶುಕ್ರವಾರ, ಅಕ್ಟೋಬರ್ 1. ಆಯಿ ಒಂದು ದಿನವೂ ತಪ್ಪಿರಲಿಲ್ಲ. ಓದು ಬಾರದ ಆ ಮುದುಕಿ ನನಗೆ ತಾರೀಖು, ವಾರ, ಹೊತ್ತು ಮೂರನ್ನೂ ಕೊಟ್ಟಿದ್ದಳು. ಬಿ.ಎಸ್ಸಿ. ಓದಿದ ನನಗೆ ಅದು ಕೇಳಿಸಿರಲಿಲ್ಲ.

ಇಬ್ಬರೂ ಕೂಡಿ ಓಡಾಡಿದೆವು. ಹೆರಿಗೆ ಗಿಡದ ಕೆಳಗೆ ಆದದ್ದು, ಯಾರೂ ಬರೆಸಿರಲಿಲ್ಲ. ವಹಿಯಲ್ಲಿ ಹೆಸರಿಲ್ಲ ಎಂಬ ಪತ್ರ ಪಡೆಯಬೇಕು, ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಅದಾದ ಮೇಲೆ ಅಂಕಪಟ್ಟಿ ತಿದ್ದಿಸಲು ಮತ್ತೆ ನ್ಯಾಯಾಲಯಕ್ಕೆ ಹೋಗಬೇಕು. ರ‍್ಯಾಲಿಗೆ ಉಳಿದದ್ದು ಹದಿನೈದು ದಿನ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅವನೇ ನನಗೆ ಸಮಾಧಾನ ಹೇಳಿದ: "ಇರಲಿ ಬಿಡ್ರಿ ಸರ. ಅವತ್ತು ನೀವು ಹಂಗ ಬರೀಲಿಲ್ಲಂದ್ರ ನಾ ಸಾಲಿಗೇ ಹೋಗ್ತಿದ್ದಿಲ್ಲೇನೊ." ಇರಬಹುದು. ಆದರೆ ಅವನ ಆ ಮಾತು ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಪ್ರಯೋಗದ ತಾಸಿನಲ್ಲಿ ನಾನು ಮಕ್ಕಳಿಗೆ ಎರಡು ಮಾತು ಹೇಳುತ್ತೇನೆ. ಒಂದು, ಉಷ್ಣಮಾಪಕದಲ್ಲಿ ಕಂಡದ್ದನ್ನು ಆಗಿಂದಾಗ್ಗೆ ಬರೆದುಕೊಳ್ಳಿ, ಮನೆಗೆ ಹೋಗಿ ನೆನಪಿನಿಂದ ಬರೆಯಬೇಡಿ. ಎರಡು, ಬರಬೇಕಾದ ಉತ್ತರ ಮೊದಲೇ ಗೊತ್ತಿದೆಯೆಂದು ಅದಕ್ಕೆ ತಕ್ಕ ಹಾಗೆ ಅಂಕಿ ಕೂಡಿಸಬೇಡಿ. ಹಾಗೆ ಮಾಡಿದವರ ಅಂಕ ಕತ್ತರಿಸುತ್ತೇನೆ. 1999ರಲ್ಲಿ ನಾನು ಮಾಡಿದ್ದೇನು? ನಿಯಮಕ್ಕೆ ತಕ್ಕ ಹಾಗೆ ಅಂಕಿ ಕೂಡಿಸಿದ್ದೆ. ಅದರ ಅಂಕ ಕತ್ತರಿಸಿದ್ದು ಮಾತ್ರ ಆ ಹುಡುಗನದು.

ಇದೆಲ್ಲ ಹಳೆಯ ಕಥೆ, ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ ಆಗುತ್ತವೆ, ಎಲ್ಲವೂ ಕಂಪ್ಯೂಟರಿನಲ್ಲಿದೆ ಎಂದು ಪಾಲಕರು ಅನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. 2025ರ ಜುಲೈನಲ್ಲಿ ನಮ್ಮ ಜೇವರ್ಗಿ ಕಡೆಯ ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳ ವಿವರ ತಾಳೆ ನೋಡುತ್ತಿದ್ದಾಗ ಒಬ್ಬ ಹುಡುಗಿಗೆ ಎರಡು ಹುಟ್ಟುಹಬ್ಬ ಇರುವುದು ಕಂಡಿತು. ಶಾಲೆಯ ದಾಖಲೆಯಲ್ಲಿ 1-6-2010. ಆಧಾರ್‌ನಲ್ಲಿ 1-1-2010. ನಮ್ಮ ಕಾಲದ ಜೂನ್ ಒಂದು ಈಗ ಜನವರಿ ಒಂದಾಗಿದೆ. ಪುರಾವೆ ಇಲ್ಲದೆ ವರ್ಷವನ್ನಷ್ಟೇ ಹೇಳಿದವರಿಗೆ ಆಧಾರ್‌ನಲ್ಲಿ ಬರುತ್ತಿದ್ದದ್ದು ಆ ತಾರೀಖು. ಹುಡುಗಿಯನ್ನು ಕೇಳಿದರೆ, "ನಮ್ಮವ್ವ ದೀಪಾವಳಿ ಆದಮ್ಯಾಗ ಅಂತಾಳ್ರಿ ಸರ" ಎಂದಳು. ಅಲ್ಲಿಗೆ ಮೂರಾದವು.

ಅಪ್ಪ ಜೇವರ್ಗಿಯಲ್ಲಿ ಟಂಟಂ ಓಡಿಸುವವನು. ಜನನ ಪ್ರಮಾಣಪತ್ರ ತರಲು ಹೇಳಿ ಕಳಿಸಿದೆ. ಅವನು ಜೇವರ್ಗಿಯಲ್ಲಿ ಒಂದು ದಿನ ನಿಂತ. ಇಲ್ಲಿನ ವಹಿಯಲ್ಲಿ ಇಲ್ಲ ಎಂದರು. ಯಾರೋ, ಮೂಲ ಊರಿನಲ್ಲಿ ಇರುತ್ತದೆ ಎಂದು ಹೇಳಿದ್ದಕ್ಕೆ ತನ್ನ ಊರಿದ್ದ ಆಳಂದಕ್ಕೆ ಹೋದ; ಅಲ್ಲಿಯೂ ಇಲ್ಲ. ಎರಡು ದಿನದ ದುಡಿಮೆ ಹೋಯಿತು. ಎರಡೂ ಕಡೆ ಹೇಳಿದ್ದು ಸರಿಯೇ ಇತ್ತು, ತಪ್ಪಿದ್ದು ನನ್ನದು. ಎಲ್ಲಿಗೆ ಹೋಗಬೇಕು ಎಂಬುದನ್ನು ನಾನು ಅವನಿಗೆ ಬಿಡಿಸಿ ಹೇಳಿರಲಿಲ್ಲ.

ಇಲ್ಲಿ ಪಾಲಕರು ನೆನಪಿಡಬೇಕಾದ ಮೊದಲ ಮಾತು ಇದೆ. ಜನನದ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ಅಪ್ಪನ ಊರಿನಲ್ಲಲ್ಲ, ಈಗ ವಾಸವಿರುವ ಊರಿನಲ್ಲೂ ಅಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ರೂಢಿ. ಬಾಣಂತನ ಮುಗಿಸಿ ತಾಯಿ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬರುತ್ತಾಳೆ; ದಾಖಲೆ ತವರಿನಲ್ಲೇ ಉಳಿಯುತ್ತದೆ. ದುಡಿಯಲು ಪುಣೆ, ಮುಂಬಯಿ, ಬೆಂಗಳೂರಿಗೆ ಹೋದಾಗ ಹುಟ್ಟಿದ ಮಕ್ಕಳದು ಆಯಾ ಊರಿನಲ್ಲೇ ಇರುತ್ತದೆ.

ಈ ಹುಡುಗಿಯ ತಾಯಿಯ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲೆ. ಹೆರಿಗೆ ಆದದ್ದು ಅಫಜಲಪುರ ಪಟ್ಟಣದ ಆಸ್ಪತ್ರೆಯಲ್ಲಿ. ಆಗ ಕೊಟ್ಟ ಕಾಗದವನ್ನು ಅಜ್ಜಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಳಂತೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಪ್ರವಾಹ ಬಂದಾಗ ಮನೆಗೆ ನೀರು ನುಗ್ಗಿ, ಟ್ರಂಕಿನ ಕಾಗದಗಳೆಲ್ಲ ಮುದ್ದೆಯಾದವು. "ಹೊಳಿಗೆ ಹೋಯ್ತು ಸರ, ಇನ್ನ ಎಲ್ಲಿಂದ ತರೋದು?" ಎಂದು ಅಪ್ಪ ಕೈ ಚೆಲ್ಲಿದ್ದ. ಹೊಳೆಗೆ ಹೋದದ್ದು ಪ್ರತಿ ಮಾತ್ರ, ಮೂಲ ಕಚೇರಿಯ ವಹಿಯಲ್ಲಿ ಇರುತ್ತದೆ ಎಂದು ಹೇಳಿ, ಒಂದು ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಅವನ ಜೊತೆ ನಾನೇ ಅಫಜಲಪುರದ ಬಸ್ಸು ಹತ್ತಿದೆ.

ಪುರಸಭೆಯಲ್ಲಿ ಜನನ ಮರಣದ ಕೆಲಸ ನೋಡುವವರು ಮೂರು ಪ್ರಶ್ನೆ ಕೇಳಿದರು: ಯಾವ ವರ್ಷ, ಯಾವ ಆಸ್ಪತ್ರೆ, ತಾಯಿಯ ಹೆಸರು. ಮಗುವಿನ ಹೆಸರು ಕೇಳಲಿಲ್ಲ. ಏಕೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. 2010ರ ನವೆಂಬರ್ ಪುಟಗಳಲ್ಲಿ ಆ ತಾಯಿಯ ಹೆಸರು ಸಿಕ್ಕಿತು. ಹುಟ್ಟಿದ ದಿನ 9-11-2010, ಹೆಣ್ಣು. ಮಗುವಿನ ಹೆಸರಿನ ಜಾಗ ಖಾಲಿ. ಆಸ್ಪತ್ರೆಯಿಂದ ವರದಿ ಹೋಗುವಾಗ ಮಗುವಿಗೆ ಇನ್ನೂ ತೊಟ್ಟಿಲು ಆಗಿರುವುದಿಲ್ಲ. ಆಮೇಲೆ ಹೋಗಿ ಹೆಸರು ಸೇರಿಸಬೇಕೆಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಆ ಪುಟದಲ್ಲೇ ಇನ್ನೂ ನಾಲ್ಕೈದು ಖಾಲಿ ಜಾಗಗಳಿದ್ದವು. ಎಲ್ಲರೂ ಈಗ ಹತ್ತನೇ ತರಗತಿಯ ಆಸುಪಾಸಿನ ಮಕ್ಕಳು.

"ಚಲೋ ಟೈಮಿಗೆ ಬಂದ್ರಿ ಸರ" ಎಂದರು ಆ ನೌಕರರು. "ಹದಿನೈದು ವರ್ಷದೊಳಗ ಹೆಸರು ಸೇರಿಸಬಹುದು. ನಿಮಗ ಇನ್ನ ನಾಕು ತಿಂಗಳು ಅದ."

ಮತ್ತೆ ನಾಲ್ಕು ತಿಂಗಳು. ಆಳಂದದ ಹುಡುಗನ ನೆನಪಾಗಿ ನಾನು ಒಂದು ಗಳಿಗೆ ಸುಮ್ಮನೆ ಕುಳಿತೆ. ಒಬ್ಬನು ನಾಲ್ಕು ತಿಂಗಳಿನಿಂದ ತಪ್ಪಿಸಿಕೊಂಡಿದ್ದ, ಇವಳಿಗೆ ನಾಲ್ಕು ತಿಂಗಳು ಉಳಿದಿತ್ತು.

ಅರ್ಜಿ ಬರೆದು, ತಂದೆತಾಯಿಯ ಗುರುತಿನ ಚೀಟಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಲಗತ್ತಿಸಿ, ಸಣ್ಣ ಮೊತ್ತದ ತಡ ಶುಲ್ಕ ಕಟ್ಟಿದೆವು. ಹೆಸರಿನ ಕಾಗುಣಿತವನ್ನು ಶಾಲೆಯ ದಾಖಲೆಯಲ್ಲಿ ಇದ್ದ ಹಾಗೆಯೇ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಕೆಲವು ದಿನಗಳಲ್ಲಿ ಪ್ರಮಾಣಪತ್ರ ಬಂತು. ಅದನ್ನು ಹಿಡಿದು ಆಧಾರ್ ಸರಿಪಡಿಸಿದ್ದಾಯಿತು; ಹುಟ್ಟಿದ ತಾರೀಖನ್ನು ಅಲ್ಲಿ ಒಂದೇ ಸಲ ತಿದ್ದಲು ಅವಕಾಶ, ಆದ್ದರಿಂದ ಗಟ್ಟಿ ಪುರಾವೆ ಇಲ್ಲದೆ ಕೈ ಹಾಕಬಾರದು. ಶಾಲೆಯ ದಾಖಲೆ ತಿದ್ದಲು ಮೇಲಧಿಕಾರಿಗಳಿಗೆ ಪತ್ರ ಬರೆದೆವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬರುವ ಮೊದಲು ಮಾಡಬೇಕಾದ ಕೆಲಸ ಇದು. ಬಂದ ಮೇಲೆ ಸಾಮಾನ್ಯವಾಗಿ ನ್ಯಾಯಾಲಯದ ಮೆಟ್ಟಿಲೇ ಗತಿ.

ಇಷ್ಟು ಒದ್ದಾಟ ಏಕೆ, ನಾಲ್ಕಾರು ತಿಂಗಳ ವ್ಯತ್ಯಾಸದಿಂದ ಏನಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಅವರ ಮುಂದೆ ಕಾಗದ ಇಟ್ಟು ಲೆಕ್ಕ ಮಾಡಿ ತೋರಿಸಿದೆ. ಹಳೆಯ ಆಧಾರ್ ಪ್ರಕಾರ ಈ ಹುಡುಗಿಗೆ 18 ತುಂಬುವುದು 2028ರ ಜನವರಿ ಒಂದಕ್ಕೆ. ಅದೇ ಬೇಸಿಗೆಯ ಮದುವೆ ಹಂಗಾಮಿಗೆ ಸರಿಯಾಗಿ, ಪಿ.ಯು.ಸಿ. ಎರಡನೇ ವರ್ಷದ ಪರೀಕ್ಷೆಯ ಹೊತ್ತಿಗೆ. ನಿಜವಾಗಿ 18 ತುಂಬುವುದು 2028ರ ನವೆಂಬರ್‌ಗೆ. ಅಷ್ಟರಲ್ಲಿ ಆಕೆ ಪಿ.ಯು.ಸಿ. ಮುಗಿಸಿ ಕಾಲೇಜು ಸೇರಿರುತ್ತಾಳೆ. ಹತ್ತು ತಿಂಗಳು ಹೆಚ್ಚಿಗೆ ಬರೆದರೆ ಗಂಡುಮಕ್ಕಳಿಗೆ ನೌಕರಿ ತಪ್ಪಬಹುದು. ಹೆಣ್ಣುಮಕ್ಕಳಿಗೆ ತಪ್ಪುವುದು ಓದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 18 ಎಂದು ಹೇಳುತ್ತದೆ, ಆದರೆ ಕಾಯ್ದೆ ನೋಡುವುದು ಕಾಗದವನ್ನು. ಸಹೋದ್ಯೋಗಿ ಮರುಮಾತಾಡಲಿಲ್ಲ. ಅವರಿಗೂ ಇಬ್ಬರು ಹೆಣ್ಣುಮಕ್ಕಳು.

ಆಧಾರ್ ಇದೆಯಲ್ಲ, ಅದೇ ಸಾಕು ಎಂದುಕೊಳ್ಳುವವರು ಬಹಳ ಜನ. ಆಧಾರ್ ಗುರುತಿಗೆ ಪುರಾವೆಯೇ ಹೊರತು ಹುಟ್ಟಿದ ತಾರೀಖಿಗೆ ಅಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಮಾತು ಹೇಳಿದೆ. ಮಕ್ಕಳ ವಯಸ್ಸು ನಿರ್ಧರಿಸಬೇಕಾದಾಗ 2015ರ ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನು, ಅದು ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು. ಅಂದರೆ ಒಂದನೇ ತರಗತಿಯ ಶಿಕ್ಷಕರ ಲೇಖನಿಗೆ ಎಷ್ಟು ತೂಕವಿದೆ ಎಂಬುದನ್ನು ನಾವು ಶಿಕ್ಷಕರೂ ತಿಳಿಯಬೇಕು. 2023ರಲ್ಲಿ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಯಿತು. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ವಾಹನ ಚಾಲನೆಯ ಪರವಾನಿಗೆಗೆ, ಮತದಾರರ ಪಟ್ಟಿಗೆ, ಮದುವೆಯ ನೋಂದಣಿಗೆ, ಸರಕಾರಿ ನೌಕರಿಗೆ, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೇ ಆಧಾರ. ಆ ಮಕ್ಕಳಿಗೆ ಇನ್ನು ಜೂನ್ ಒಂದು ಬರೆದುಕೊಡುವ ಹೆಡ್‌ಮಾಸ್ತರರು ಸಿಗುವುದಿಲ್ಲ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ಕಾರಣವೂ ಇದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಪಡೆಯಲು ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪತ್ರ ಬೇಕು. ಅದಕ್ಕೆ ಈ ಭಾಗದಲ್ಲಿ ಹುಟ್ಟಿರುವುದು ಒಂದು ಆಧಾರ. 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲಿ ವಾಸವಿದ್ದದ್ದು ಇನ್ನೊಂದು. ಜನನ ಪ್ರಮಾಣಪತ್ರದಲ್ಲಿ ಎಲ್ಲರೂ ತಾರೀಖನ್ನು ನೋಡುತ್ತಾರೆ. ಅದರ ಕೆಳಗಿರುವ ಹುಟ್ಟಿದ ಸ್ಥಳದ ಸಾಲನ್ನೂ ನೋಡಿ.

ಇನ್ನು ದಾರಿ ಹೇಗೆ ಎಂಬುದನ್ನು, ನಾನು ಓಡಾಡಿ ಕಲಿತಷ್ಟನ್ನು, ಹೇಳಿಬಿಡುತ್ತೇನೆ. ಹೆರಿಗೆ ಆಸ್ಪತ್ರೆಯಲ್ಲಿ ಆದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು. ತಂದೆತಾಯಿಯ ಹೆಸರು, ವಿಳಾಸಗಳನ್ನು ಆಧಾರ್‌ನಲ್ಲಿ ಇದ್ದ ಹಾಗೆ ಬರೆಸುವ ಹೊಣೆ ನಿಮ್ಮದು. "ಬಾಯಿ ಹೇಳಿದ್ದು" ಬೇಡ, ಕಾಗದ ತೋರಿಸಿ ಬರೆಸಿ. ಮನೆಯಲ್ಲಿ ಹೆರಿಗೆ ಆದರೆ ಮನೆಯ ಯಜಮಾನ ತಿಳಿಸಬೇಕು. ಪಟ್ಟಣವಾದರೆ ಪುರಸಭೆ, ಹಳ್ಳಿಯಾದರೆ ಆ ಊರಿನ ಜನನ ಮರಣ ನೋಂದಣಿ ನೋಡುವ ಅಧಿಕಾರಿ. 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ, ಮೊದಲ ಪ್ರತಿಯೂ ಉಚಿತ. 21 ದಾಟಿ 30 ದಿನದೊಳಗಾದರೆ ಸಣ್ಣ ತಡ ಶುಲ್ಕ. ತಿಂಗಳು ದಾಟಿ ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ. ಮೊದಲು ಇದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಬೇಕಿತ್ತು; 2023ರ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ತಡವಾದಷ್ಟೂ ಮೆಟ್ಟಿಲು ಹೆಚ್ಚು ಎಂಬುದು ಇದರ ಸಾರ.

ಹೆಸರಿನ ಜಾಗ ಖಾಲಿ ಇದ್ದರೆ ಹನ್ನೆರಡು ತಿಂಗಳೊಳಗೆ ಹೋಗಿ ಹೆಸರು ಹೇಳಿ, ಅದಕ್ಕೆ ಶುಲ್ಕವಿಲ್ಲ. ಕಾಗದ ಕಳೆದಿದ್ದರೆ ವರ್ಷ, ಹೆರಿಗೆಯಾದ ಜಾಗ, ತಾಯಿಯ ಹೆಸರು, ಈ ಮೂರನ್ನು ಬರೆದುಕೊಂಡು ಹೋಗಿ, ಪ್ರತಿ ಸಿಗುತ್ತದೆ. ವಹಿಯಲ್ಲಿ ಇಲ್ಲವೆಂದರೆ ಬರಿಗೈಲಿ ಬರಬೇಡಿ. ಇಲ್ಲವೆಂಬುದನ್ನೇ ಬರಹದಲ್ಲಿ ಕೇಳಿ, ಮುಂದಿನ ಅರ್ಜಿಗೆ ಅದೇ ಮೊದಲ ಕಾಗದ. ಹತ್ತನೇ ತರಗತಿಗೆ ಬರುವ ಮೊದಲು, ಸಾಧ್ಯವಾದರೆ ಎಂಟಕ್ಕೆ ಬಂದಾಗಲೇ, ಒಂದು ಭಾನುವಾರ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ಮಕ್ಕಳ ಕೈಯಿಂದಲೇ ತಾಳೆ ನೋಡಿಸಿ. ವಿದ್ಯಾರ್ಥಿಗಳಿಗೆ ಇದೂ ಒಂದು ಪ್ರಯೋಗವೇ.

2025ರ ದೀಪಾವಳಿ ರಜೆಯಲ್ಲಿ ಆಳಂದದ ಆ ಹುಡುಗ ಮನೆಗೆ ಬಂದಿದ್ದ. ಹುಡುಗ ಎನ್ನುವುದು ನನ್ನ ರೂಢಿ. ಅವನಿಗೀಗ ಮೂವತ್ತೆರಡು, ಕಲಬುರಗಿಯ ಒಂದು ತೊಗರಿ ಬೇಳೆಯ ಮಿಲ್ಲಿನ ಗಾಡಿ ಓಡಿಸುತ್ತಾನೆ. ಹೆಣ್ಣು ಕೂಸಾಗಿತ್ತು. ಪೇಡಾ ಡಬ್ಬಿಯ ಜೊತೆ, ಪ್ಲಾಸ್ಟಿಕ್ ಹಾಳೆಯೊಳಗೆ ಮಡಿಕೆ ಬೀಳದಂತೆ ಇಟ್ಟಿದ್ದ ಒಂದು ಕಾಗದವನ್ನೂ ತಂದಿದ್ದ. "ಎಂಟನೇ ದಿನಕ್ಕ ಬರಸೀನ್ರಿ ಸರ. ಎಲ್ಲಾ ಬರೋಬ್ಬರಿ ಅದನೋ ಇಲ್ಲೋ, ನೀವೊಮ್ಮಿ ನೋಡ್ರಿ" ಎಂದ.

ಕನ್ನಡಕ ಹಾಕಿಕೊಂಡು ಉತ್ತರಪತ್ರಿಕೆ ನೋಡುವಂತೆ ಸಾಲು ಸಾಲಾಗಿ ನೋಡಿದೆ. ತಾರೀಖು ಸರಿ. ಸ್ಥಳ ಸರಿ. ತಾಯಿಯ ಹೆಸರು, ತಂದೆಯ ಹೆಸರು, ಕಾಗುಣಿತ ಸರಿ. ಒಂದು ಜಾಗ ಮಾತ್ರ ಖಾಲಿ ಇತ್ತು.

"ಹೆಸರು?"

"ತೊಟ್ಟಲ ಈ ಸುಕ್ರಾರ ಅದರಿ."

"ಹಂಗಾದ್ರ ಸೋಮವಾರ ಮುಂಜಾನೆ ಮೊದಲ ಕೆಲಸ ಅದು. ಮರೀಬ್ಯಾಡ."

ಸೋಮವಾರ ಹನ್ನೊಂದೂವರೆಗೆ ನಾನು ತರಗತಿಯಲ್ಲಿದ್ದಾಗ ಅವನ ಫೋನ್ ಬಂತು. ತರಗತಿಯಲ್ಲಿ ಫೋನ್ ತೆಗೆಯುವವನಲ್ಲ ನಾನು, ಅಂದು ತೆಗೆದೆ. "ಬರಸಿದೆ ಸರ" ಎಂದ.